ಒಂದೇ ಉಸಿರಿನ ಪದ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು "ಚನ್ನರಾಯಪಟ್ಣ ಚನ್ನರಾಯಪಟ್ಣ ಚನ್ನರಾಯಪಟ್ಣ" ಎಂದು ಕೂಗಿದರೆ ಎಲ್ಲರಿಗೂ ಊರಿನ ಹೆಸರು ಕೇಳಿಸುತ್ತದೆ. ನನಗೆ ಕೇಳಿಸುವುದು ಅವನು ಎಲ್ಲಿ ಉಸಿರು ಎಳೆದುಕೊಂಡ ಎನ್ನುವುದು. ಮನೆಯಲ್ಲಿ ಅಮ್ಮ ಬೆಳಿಗ್ಗೆ ಸಹಸ್ರನಾಮ ಹೇಳುವಾಗಲೂ ಅಷ್ಟೇ. ಶ್ಲೋಕದ ಅರ್ಧಕ್ಕೆ ನಿಂತಳೋ, ನಾನು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ದೇವರ ಮನೆ ಬಾಗಿಲಿಗೆ ಹೋಗಿ ನಿಂತಿರುತ್ತೇನೆ. "ಏನೇ ಅದು, ನನ್ನ ಬಾಯನ್ನೇ ನೋಡ್ತಾ ನಿಂತಿದೀಯ? ದೇವರ ಕಡೆ ನೋಡು, ಪುಣ್ಯ ಬರುತ್ತೆ" ಎಂದು ಅಮ್ಮ ಗದರುತ್ತಾಳೆ. ಅವಳಿಗೆ ಏನೂ ಆಗಿರುವುದಿಲ್ಲ, ಗಂಟಲು ಒಣಗಿರುತ್ತದೆ ಅಷ್ಟೆ. ಆದರೂ ಅವಳು ಮುಂದಿನ ಶ್ಲೋಕ ಎತ್ತುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.

ಇದು ನನ್ನ ಹುಟ್ಟುಗುಣವಲ್ಲ. ಕೊರೋನಾ ಕಾಲದಲ್ಲಿ ಅಂಟಿಕೊಂಡದ್ದು. ರೋಗ ಬಂದು ಹೋಯಿತು, ಇದು ಹೋಗಲಿಲ್ಲ.

ಅದಕ್ಕೆ ಮುಂಚೆ ನಾನು ಕಿವಿಯ ಡಾಕ್ಟರಲ್ಲ, ಕೈಯ ಡಾಕ್ಟರು. ಪೇಟೆ ಬೀದಿಯ ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರು ಕೂತ ತಕ್ಷಣ ಕೈ ಮುಂದೆ ಚಾಚುತ್ತಿದ್ದರು. ನಾಡಿ ಹಿಡಿಯಬೇಕು, ಕಣ್ಣಿನ ರೆಪ್ಪೆ ಎಳೆದು ನೋಡಬೇಕು, ಬೆನ್ನಿಗೆ ಎರಡು ಗುದ್ದು ಗುದ್ದಿದ ಹಾಗೆ ಬೆರಳಲ್ಲಿ ತಟ್ಟಬೇಕು, ಆಮೇಲೆ ಬೈಯಬೇಕು. ಇಷ್ಟಾಗದೆ ಚೀಟಿ ಬರೆದು ಕೊಟ್ಟರೆ "ಡಾಕ್ಟ್ರವ್ವ ಇವತ್ತು ಕೈನೇ ಇಡ್ಲಿಲ್ಲ" ಎಂದು ಗೊಣಗಿಕೊಂಡು ಹೋಗಿ ಆ ಮಾತ್ರೆಯನ್ನು ನುಂಗುತ್ತಲೇ ಇರಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಜೋರು. "ನೀವ್ ಬೈದ್ರೆ ಅರ್ಧ ಕಾಯ್ಲೆ ವಾಸಿ ಕಣವ್ವ" ಎಂದು ನಗುತ್ತಿದ್ದರು. ಉಳಿದರ್ಧವನ್ನು ನಾನು ಕೈಯಲ್ಲಿ ಹುಡುಕುತ್ತಿದ್ದೆ.

ಎರಡನೇ ಅಲೆ ಬಂದಾಗ ಆ ಕೈಯೇ ಹೋಯಿತು. ಮೇಜಿನ ಮುಂದೆ ಸೂರಿನಿಂದ ನೆಲದವರೆಗೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟೆ. ಕೈ ಚಾಚಿದವರಿಗೆ "ದೂರ, ದೂರ" ಎನ್ನುವುದೇ ನನ್ನ ಮೊದಲ ಮಾತಾಯಿತು. ಆಮೇಲೆ ಅದೂ ನಿಂತು ಎಲ್ಲವೂ ಫೋನಿನಲ್ಲೇ. ಹಳ್ಳಿಗಳಿಂದ ಬಸ್ಸಿಲ್ಲ, ಆಟೋ ಇಲ್ಲ, ಜ್ವರ ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಕ್ಲಿಪ್ಪು ಊರಿಗೊಂದು ಸಿಕ್ಕಿದ್ದರೆ ಪುಣ್ಯ. ಅದು ಇವತ್ತು ಈ ಬೀದಿಯಲ್ಲಿದ್ದರೆ ನಾಳೆ ಆ ಬೀದಿಯಲ್ಲಿ, ನಾಡಿದ್ದು ಶೆಲ್ ಖಾಲಿ. ಕಣ್ಣಿಗೆ ಕಾಣದ, ಕೈಗೆ ಸಿಗದ ರೋಗಿಯ ಎದೆ ಹೇಗಿದೆ ಎಂದು ಫೋನಿನಲ್ಲಿ ತಿಳಿಯುವುದು ಹೇಗೆ? ಆಗ ಕೆಲವು ಡಾಕ್ಟರುಗಳು ಒಂದು ಉಪಾಯ ಹಿಡಿದಿದ್ದೆವು. ರೋಗಿಗೆ ಉಸಿರು ತುಂಬಿಕೊಂಡು ಒಂದೇ ಉಸಿರಿಗೆ ಒಂದು, ಎರಡು, ಮೂರು ಎಂದು ಎಣಿಸಲು ಹೇಳುವುದು. ಎಣಿಕೆಯಲ್ಲಿ ದೂರ ಹೋದವರು ಗಟ್ಟಿ. ಬೇಗ ನಿಂತವರನ್ನು ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಅದೇನೂ ಪಕ್ಕಾ ಪರೀಕ್ಷೆಯಲ್ಲ. ಏನೂ ಇಲ್ಲದ ಕಡೆ ಅಷ್ಟಾದರೂ ಇತ್ತು.

ಹೀಗೆ ಬೆಳಗಿನ ಹೊತ್ತೆಲ್ಲ ನನ್ನ ಕಿವಿಯಲ್ಲಿ ಜನ ಎಣಿಸುತ್ತಿದ್ದರು. ಅರಕಲಗೂಡಿನ ಒಬ್ಬ ನಿವೃತ್ತ ಮೇಷ್ಟ್ರು "ಸೊನ್ನೆಯಿಂದಲೋ ಒಂದರಿಂದಲೋ?" ಎಂದು ಕೇಳಿ ನನ್ನ ತಲೆ ತಿಂದರು. ಭತ್ತ ಅಳೆದು ಅಭ್ಯಾಸವಾಗಿದ್ದ ಒಬ್ಬ ಮುದುಕ ಒಂದು ಎನ್ನುವ ಕಡೆ ಕಣದಲ್ಲಿ ಹೇಳುವ ಹಾಗೆ "ಲಾಭ" ಎಂದೇ ಶುರು ಮಾಡುತ್ತಿದ್ದ. "ಯಜಮಾನ್ರೇ, ಇಲ್ಲಿ ಯಾವ ಲಾಭನೂ ಇಲ್ಲ, ಎಣಿಸಿ" ಎಂದು ನಾನು ರೇಗಿದರೆ ನಗುತ್ತಿದ್ದ, ನಕ್ಕು ಉಸಿರು ಕಳೆದುಕೊಂಡು ಮತ್ತೆ ಲಾಭದಿಂದ ಶುರು. ಅವನು ಬದುಕಿದ. ಮೇಷ್ಟ್ರೂ ಬದುಕಿದರು.

ಹಳೇಕೋಟೆಯ ಹಾಡುಗಾರ್ತಿ ಮಾತ್ರ ಎಣಿಸಲು ಒಪ್ಪಲಿಲ್ಲ. ಅವಳೂ ಅವಳ ವಾರಗಿತ್ತಿಯೂ ಅಣ್ಣತಮ್ಮಂದಿರ ಹೆಂಡಿರು, ಇಬ್ಬರೂ ನನ್ನ ಹಳೆಯ ರೋಗಿಗಳು. ಒಬ್ಬಳಿಗೆ ಸಕ್ಕರೆ, ಇನ್ನೊಬ್ಬಳಿಗೆ ಬಿಪಿ, ಒಟ್ಟಿಗೆ ಬಂದು ಒಟ್ಟಿಗೆ ಬೈಸಿಕೊಂಡು ಹೋಗುತ್ತಿದ್ದರು. ಸುತ್ತಲಿನ ಊರುಗಳ ಮದುವೆಗಳಲ್ಲಿ ಸೋಬಾನೆ ಪದ ಎಂದರೆ ಅವರೇ. ಹಿರಿಯಾಕೆ ಪದ ಎತ್ತುವಳು, ಕಿರಿಯಾಕೆ ಸೊಲ್ಲು ಹಿಡಿಯುವಳು. ಎಂದರೆ ಒಬ್ಬಳು ಮೊದಲರ್ಧ ಹೇಳುತ್ತಿದ್ದಂತೆ ಇನ್ನೊಬ್ಬಳು ಉಳಿದರ್ಧವನ್ನು ಎತ್ತಿಕೊಂಡು ಮುಗಿಸುವುದು. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಹಾಡಿದವರು. ಎಲ್ಲಿ ಒಬ್ಬಳದು ಮುಗಿದು ಇನ್ನೊಬ್ಬಳದು ಶುರುವಾಯಿತು ಎಂದು ಎದುರು ಕೂತವರ ಕಿವಿಗೇ ತಿಳಿಯುತ್ತಿರಲಿಲ್ಲ.

ಜ್ವರ ಬಂದದ್ದು ಹಿರಿಯಾಕೆಗೆ. ದನದ ಕೊಟ್ಟಿಗೆಗೆ ಹೊಂದಿಕೊಂಡ ಕೋಣೆಯಲ್ಲಿ ಅವಳನ್ನು ಬೇರೆ ಮಲಗಿಸಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಹೊಸಿಲ ಮೇಲಿಟ್ಟು ಕಿರಿಯಾಕೆ ಹೊರಗೆ ಜಗುಲಿಯಲ್ಲಿ ಕೂರುತ್ತಿದ್ದಳು.

"ಎಣ್ಸೋಕೆ ನಂಗೆ ಬರಾಕಿಲ್ಲ ಕಣವ್ವ. ಪದ ಏಳ್ಲಾ?" ಎಂದಳು ಹಿರಿಯಾಕೆ ಮೊದಲ ದಿನವೇ.

"ಮದುವೆ ಮನೆ ಅಂದ್ಕೊಂಡಿದ್ದೀಯಾ ಇದನ್ನ?"

"ಏನಾರಾ ಆಗ್ಲಿ, ಉಸ್ರು ತಾನೆ ಬೇಕು ನಿಮ್ಗೆ? ಕೇಳಿ."

ಹೇಳಿದಳು. "ಹೊಳೆದಂಡೆ ಹಾದೀಲಿ ಹೂವ ಕುಯ್ಯೋ ಜಾಣೆ, ಮಡಿಲಲ್ಲಿ ಯಾರಿಗೆ ಮುಡಿಮಲ್ಲೆ." ಹೊಳೆ ಎಂಬಲ್ಲಿ ಎತ್ತಿದ ಉಸಿರು ಮಲ್ಲೆಯ ತನಕ ಎಲ್ಲೂ ಮುರಿಯಲಿಲ್ಲ. ಜ್ವರದಲ್ಲೂ ಅಂಥ ಕಂಠ. ನನಗೆ ಬೇಜಾರು ತುಂಬಿದ್ದ ಆ ದಿನಗಳಲ್ಲಿ ಬೆಳಿಗ್ಗೆ ಆ ಪದ ಕೇಳುವುದು ಒಂದು ಆಸೆಯೇ ಆಯಿತು. ನಿಜ ಹೇಳಬೇಕೆಂದರೆ ಉಳಿದ ಕರೆಗಳನ್ನು ಮುಗಿಸಿ ಕೊನೆಗೆ ಅವಳಿಗೆ ಫೋನ್ ಮಾಡುತ್ತಿದ್ದೆ, ಊಟದ ಕೊನೆಗೆ ಬಾಯಿಗೆ ಸಿಹಿ ಹಾಕಿಕೊಂಡು ಎದ್ದ ಹಾಗೆ. "ಈ ಪದನ ಒಂದೇ ಉಸಿರಿಗೆ ಪೂರ್ತಿ ಹೇಳೋವರೆಗೂ ನಿನ್ನೆದೆ ಗಟ್ಟಿ ಇದೆ ಅಂತ ಲೆಕ್ಕ. ಭಯ ಇಲ್ಲ" ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದ್ದೆ. ದಿನಾ ಪದ ಪೂರ್ತಿಯಾಗುತ್ತಿತ್ತು. ದಿನಾ ನಾನು "ಶಭಾಷ್" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಪದದ ಮಧ್ಯೆ ಕೆಮ್ಮಿದಳು. ಒಣ ಕೆಮ್ಮು, ಒಂದರ ಹಿಂದೆ ಒಂದು. ಆದರೆ ಪದ ನಿಲ್ಲಲಿಲ್ಲ. ಕೆಮ್ಮು ಒಂದು ಕಡೆ ಬರುತ್ತಲೇ ಇದೆ, ಅದರ ಮೇಲೆಯೇ "ಮಡಿಲಲ್ಲಿ ಯಾರಿಗೆ ಮುಡಿಮಲ್ಲೆ" ಎಂದು ಅದೇ ಕಂಠ ತಣ್ಣಗೆ ಹಾಡಿಕೊಂಡು ಹೋಗುತ್ತಿದೆ. ಒಂದೇ ಬಾಯಿ ಕೆಮ್ಮುತ್ತಾ ಹಾಡುವುದು ಹೇಗೆ? ಹಾಡುಹಗಲಲ್ಲಿ, ಅಂಗಳದ ಬಿಸಿಲಲ್ಲಿ ನಿಂತು, ನಾನು ದೆವ್ವದ ದನಿ ಕೇಳಿದವಳ ಹಾಗೆ ಫೋನನ್ನು ಕಿವಿಯಿಂದ ದೂರ ಹಿಡಿದೆ.

"ಯಾರೇ ಅದು ಹಾಡ್ತಿರೋದು?" ಎಂದು ಕಿರುಚಿದೆ.

"ನಾನೇ ಕಣವ್ವ" ಎಂದಳು ಕಿರಿಯಾಕೆ. ದನಿಯಲ್ಲಿ ಗಾಬರಿ ಇರಲಿಲ್ಲ, ಇದೇನು ಇಂಥ ಪ್ರಶ್ನೆ ಎಂಬ ಸೋಜಿಗವಿತ್ತು. "ಸೊಲ್ಲು ನಂದೇ ಅಲ್ವಾ?"

"ಯಾವತ್ತಿಂದ?"

"ಮೊದ್ಲು ಅಕ್ಕಾನೇ ಪೂರ್ತಿ ಏಳ್ತಿದ್ಲು. ಆಮ್ಯಾಕೆ ಒಂದಿನ ಅರ್ಧಕ್ಕೆ ಕೈ ಸನ್ನೆ ಮಾಡುದ್ಲು, ನಾನು ತಗೊಂಡೆ. ಮದ್ವೆ ಮನೇಲೂ ಅಂಗೆ ಅಲ್ವಾ ನಾವ್ ಮಾಡೋದು? ಎತ್ತಿದ್ ಪದಕ್ಕೆ ಸೊಲ್ಲು ಕೊಡ್ದೆ ಎಂಗ್ ಬುಡೋದು? ಸೊಲ್ಲಿಲ್ದೆ ಪದ ನಿಂತ್ರೆ ಮನೆಗೊಳ್ಳೇದಾಗಾಕಿಲ್ಲ ಕಣವ್ವ."

"ನಾನು ಕೇಳಿದ್ದು ಪದ ಅಲ್ಲ ಕಣೇ! ಉಸಿರು, ಉಸಿರು ಕೇಳಿದ್ದು ನಾನು!" ಎಂದು ಬೊಬ್ಬೆ ಹಾಕಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಕಡೆಯಿಂದ ಕೆಮ್ಮು ಮಾತ್ರ ಬಂತು.

ಎದುರು ಕೂರಿಸಿಕೊಂಡು ತುಟಿ ನೋಡಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟಿದ್ದರೆ ಮೊದಲ ಸೊಲ್ಲಿಗೇ ಗೊತ್ತಾಗುತ್ತಿತ್ತು. ಪಾಪ, ಅವರು ಮೋಸ ಮಾಡಿದವರಲ್ಲ. ಹಿರಿಯಾಕೆಗೆ ಹಾಸನಕ್ಕೆ ಹೋಗುವ ಭಯ ಇತ್ತೋ ಏನೋ, ಆ ಕೈ ಸನ್ನೆಯಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ತಿಳಿಯದು. ಕಿರಿಯಾಕೆ ಮಾತ್ರ ತನ್ನ ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದ್ದಳು.

ಆಂಬುಲೆನ್ಸಿಗೆ ಫೋನ್ ಮಾಡಿ ನಾನೂ ಕಾರು ತೆಗೆದುಕೊಂಡು ಹಳೇಕೋಟೆಗೆ ಹೊರಟೆ. ಮನೆಯ ಮುಂದೆ ಮೈಪೂರ್ತಿ ಮುಚ್ಚುವ ಆ ಬಿಳಿ ಪಿಪಿಇ ಉಡುಪು ತೊಟ್ಟುಕೊಂಡು, ಕ್ಲಿಪ್ಪು ಹಿಡಿದು ಕೋಣೆಗೆ ಹೋದೆ. ಹಿರಿಯಾಕೆ ಗೋಡೆಗೊರಗಿ ಕೂತಿದ್ದಳು, ತಲೆ ಬಾಚಿ ಹಣೆಗೆ ಕುಂಕುಮ ಇಟ್ಟುಕೊಂಡು, ನೋಡಲು ನೆಟ್ಟಗೇ ಇದ್ದಳು. ತುಟಿ ಮಾತ್ರ ಕಪ್ಪು ನೇರಳೆ ತಿಂದ ಹಾಗಿತ್ತು. ಕ್ಲಿಪ್ಪಿನಲ್ಲಿ ಬಂದ ಸಂಖ್ಯೆ ನಂಬದೆ ಇನ್ನೊಂದು ಬೆರಳಿಗೆ ಸಿಕ್ಕಿಸಿ ನೋಡಿದೆ, ಅದೇ ಬಂತು.

"ಆಸ್ನಕ್ಕೆ ಓದೋರು ತಿರುಗಿ ಬರಾಕಿಲ್ಲ ಕಣವ್ವ" ಎಂದಳು. ಉಸಿರಿಗೆ ಮೂರು ಸಲ ನಿಂತು ನಿಂತು ಹೇಳಿದಳು. "ನಾ ಇಲ್ಲೇ ಸಾಯ್ತೀನಿ, ಬುಟ್ಬುಡಿ."

"ಸಾಯೋಕೆ ಪಂಚಾಂಗ ನೋಡ್ಕೊಂಡು ಕೂತಿದ್ದೀಯಾ? ಏಳೇ ಮೇಲೆ, ನಾನೂ ಇರ್ತೀನಿ ಅಲ್ಲಿ." ಅದು ಸುಳ್ಳಲ್ಲ. ಡಾಕ್ಟರು ಸಾಲದೆ ನಮ್ಮಂಥ ಖಾಸಗಿಯವರನ್ನೂ ಹಾಸನದ ವಾರ್ಡುಗಳಿಗೆ ಪಾಳಿಯ ಮೇಲೆ ಕರೆಸಿಕೊಳ್ಳುತ್ತಿದ್ದರು. ನನ್ನ ಬೈಗುಳ ಕೇಳಿ ಅವಳಿಗೆ ನಗು ಬಂತು. ನಗು ಕೆಮ್ಮಾಯಿತು. ಎದ್ದಳು.

ಆಂಬುಲೆನ್ಸಿನ ಬಾಗಿಲು ಹಾಕುವಾಗ ಕಿರಿಯಾಕೆ ನನ್ನ ಹಿಂದೆಯೇ ನಿಂತಿದ್ದಳು. ಮುಟ್ಟಲು ಬಂದವಳು ನನ್ನ ಉಡುಪು ನೋಡಿ ಕೈ ಹಿಂದೆ ತೆಗೆದುಕೊಂಡಳು.

"ನನ್ನಿಂದ್ಲಾ ಡಾಕ್ಟ್ರವ್ವ? ನಾ ಸೊಲ್ಲು ಕೊಟ್ಟಿದ್ಕೆ ತಡ ಆಯ್ತಾ?"

"ನಿನ್ನಿಂದ ಅಲ್ಲ. ಇನ್ನೂ ಹೊತ್ತು ಮೀರಿಲ್ಲ" ಎಂದೆ. ಅವಳು ನನ್ನ ಕಣ್ಣನ್ನೇ ನೋಡಿದಳು. ಕನ್ನಡಕ, ಅದರ ಮೇಲೆ ಮುಖದ ಗಾಜು, ಎಲ್ಲಾ ಬೆವರಿನ ಹಬೆ. ಅವಳಿಗೆ ಏನು ಕಂಡಿತೋ.

ವಾರ್ಡಿನಲ್ಲಿ ಹಿರಿಯಾಕೆಗೆ ಮುಖಕ್ಕೆ ಬಿಗಿಯುವ ಮಾಸ್ಕು ಹಾಕಿ ಒತ್ತಿ ಆಮ್ಲಜನಕ ಕೊಡುತ್ತಿದ್ದರು. ಅಲ್ಲಿನ ಹುಡುಗ ಹುಡುಗಿಯರು, ಡಾಕ್ಟರು ನರ್ಸು ಎಲ್ಲರೂ, ನಿದ್ದೆಯಿಲ್ಲದೆ ದುಡಿಯುತ್ತಿದ್ದರು. ಅವರ ಮೇಲೆ ನಾನೊಂದು ಮಾತು ಹೇಳಿದರೆ ನನ್ನ ನಾಲಗೆ ಬಿದ್ದುಹೋಗಲಿ. ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ರೋಗಿಗಳು ಯಾರಿಗೆ ಯಾರೂ ಇಲ್ಲದೆ ಸಾಲಾಗಿ ಮಲಗಿದ್ದರು. ಆ ಕೋಣೆಯಲ್ಲಿ ಯಂತ್ರದ ಬುಸುಗುಡುವಿಕೆ ಬಿಟ್ಟರೆ ಮನುಷ್ಯರ ದನಿಯೇ ಇಲ್ಲ. ನನಗೆ ಆಗ ಅನ್ನಿಸುತ್ತಿತ್ತು, ಇಲ್ಲಿ ಯಾರಾದರೂ ಅತ್ತರೂ ಪರವಾಗಿಲ್ಲ, ದನಿ ಕೇಳಿಸಲಿ ಎಂದು.

ಒಂದು ಮಧ್ಯಾಹ್ನ ಪಾಳಿಯಲ್ಲಿದ್ದಾಗ ಹಳೇಕೋಟೆಯಿಂದ ಫೋನ್ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಫೋನನ್ನು ಗ್ಲೌಸಿನ ಬೆರಳಲ್ಲಿ ತೀಡಿ ತೀಡಿ ಎತ್ತಿದೆ. ಕಿರಿಯಾಕೆ. "ಅಕ್ಕನ್ ಕಿವಿಗಿಕ್ಕಿ, ಒಂದ್ ಪದ ಏಳ್ತೀನಿ" ಎಂದಳು. ಹಿರಿಯಾಕೆಯ ಮಂಚದ ಬಳಿ ಹೋಗಿ ಸ್ಪೀಕರಿಗೆ ಹಾಕಿ ಕಿವಿಯ ಹತ್ತಿರ ಹಿಡಿದೆ. ಅವಳ ಸ್ಥಿತಿ ಬೆಳಗಿನಿಂದ ಇಳಿಯುತ್ತಲೇ ಇತ್ತು. ಕಣ್ಣು ಅರ್ಧ ತೆರೆದಿತ್ತು.

ಈ ಸಲ ಪದ ಎತ್ತಿದವಳು ಕಿರಿಯಾಕೆ. "ಹೊಳೆದಂಡೆ ಹಾದೀಲಿ ಹೂವ ಕುಯ್ಯೋ ಜಾಣೆ..." ಅಂದು ನಿಲ್ಲಿಸಿದಳು. ಹಿರಿಯಾಕೆಯ ಮುಖದಲ್ಲಿ, ಮಾಸ್ಕಿನೊಳಗೆ, ತುಟಿ ಅಲುಗಿತು. ದನಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆ ಕಡೆ ಕಿರಿಯಾಕೆ ಕಾದಳು. ಮತ್ತೆ ಎತ್ತಿದಳು, "ಹೊಳೆದಂಡೆ ಹಾದೀಲಿ..." ಈ ಸಲ ದನಿ ನಡುಗುತ್ತಿತ್ತು. ಮತ್ತೆ ನಿಲ್ಲಿಸಿದಳು. ಮತ್ತೆ ಕಾದಳು. ಸೊಲ್ಲಿಲ್ಲದೆ ಪದ ನಿಂತರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದವಳು ಅವಳು. ಆ ಕಾಯುವುದನ್ನು ನನಗೆ ತಡೆಯಲಾಗಲಿಲ್ಲ. ಮೂರನೇ ಸಲ ಅವಳು ಎತ್ತಿ ಬಿಟ್ಟಾಗ ನಾನೇ ಹೇಳಿಬಿಟ್ಟೆ. "ಮಡಿಲಲ್ಲಿ ಯಾರಿಗೆ ಮುಡಿಮಲ್ಲೆ." ನಾನು ಹಾಡುಗಾರ್ತಿಯಲ್ಲ. ನಮ್ಮ ಮನೆಯಲ್ಲಿ ದೇವರನಾಮವಿತ್ತೇ ಹೊರತು ಸೋಬಾನೆ ಇರಲಿಲ್ಲ. ಆದರೆ ಅಷ್ಟು ದಿನ ಬೆಳಿಗ್ಗೆ ಕೇಳಿ ಕೇಳಿ ಧಾಟಿ ನಾಲಗೆಗೆ ಬಂದಿತ್ತು. ಎರಡು ಮಾಸ್ಕು, ಮೇಲೆ ಗಾಜು, ಪ್ಲಾಸ್ಟಿಕ್ ಚೀಲದೊಳಗಿನ ಫೋನು, ಯಂತ್ರದ ಸದ್ದು. ನನ್ನ ದನಿ ನನಗೇ ಯಾರದೋ ಎಂಬಂತೆ ಕೇಳಿಸಿತು.

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಬಂತು. "ಸಾಕು ಬುಡಕ್ಕ, ದಣೀಬ್ಯಾಡ" ಎಂದಳು ಕಿರಿಯಾಕೆ. ಫೋನ್ ಇಟ್ಟಳು.

ಸಂಜೆ ಹಿರಿಯಾಕೆ ತೀರಿಕೊಂಡಳು. ಹೆಣವನ್ನು ಸುತ್ತಿ ಕಟ್ಟಿ ಅಲ್ಲಿಂದಲೇ ಕಳುಹಿಸಿದರು. ಅವಳ ಮಗನೊಬ್ಬನೇ ದೂರದಲ್ಲಿ ನಿಂತು ಕೈ ಮುಗಿದ. ಕಿರಿಯಾಕೆಗೆ ಮುಖ ನೋಡಲೂ ಸಿಗಲಿಲ್ಲ.

ಎಷ್ಟೋ ವಾರಗಳಾದ ಮೇಲೆ ಬಸ್ಸು ಶುರುವಾಯಿತು, ಕ್ಲಿನಿಕ್ಕಿಗೆ ಜನ ಬರತೊಡಗಿದರು. ಪರದೆಯನ್ನು ನಾನಿನ್ನೂ ತೆಗೆದಿರಲಿಲ್ಲ. ಒಂದು ಬೆಳಿಗ್ಗೆ ಕಿರಿಯಾಕೆ ಬಂದು ಅದರಾಚೆ ಸ್ಟೂಲಿನ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ಸೊರಗಿದ್ದಳು. ಬಿಪಿ ನೋಡಲು ಪರದೆ ಸರಿಸಿ ತೋಳಿಗೆ ಪಟ್ಟಿ ಸುತ್ತಿದೆ. ಕೈ ಎಳೆದುಕೊಂಡಳು.

"ಅದಿರ್ಲಿ. ಒಂದ್ ಕೇಳ್ಬೇಕಿತ್ತು. ಅವತ್ತು ಫೋನ್ನಾಗೆ ಸೊಲ್ಲು ತಗೊಂಡಿದ್ದು ಅಕ್ಕಾನೇ ಅಲ್ವಾ?"

ಅವಳ ಮುಖ ನೋಡಿದೆ. ಹೌದು ಎನ್ನಿ ಎಂದು ಆ ಮುಖವೇ ಬೇಡುತ್ತಿತ್ತು. ಕೊನೆಯ ಸಲ ಅಕ್ಕನ ದನಿ ಕೇಳಿದೆ ಎನ್ನುವ ಸಮಾಧಾನ ಇದ್ದರೆ ಇರಲಿ ಬಿಡು, ಅದರಿಂದ ಯಾರ ಗಂಟು ಹೋಗುತ್ತದೆ ಎನ್ನಿಸಿತು.

"ಹೂಂ, ಅವಳೇ" ಎಂದೆ.

ಅವಳ ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ ನಿಧಾನಕ್ಕೆ ಏನೋ ಯೋಚನೆ ಬಂತು.

"ಪೂರ್ತಿ ತಗೊಂಡ್ಲು, ಅಲ್ವಾ? ಒಂದೇ ಉಸ್ರಿಗೆ?"

ನಾನು ಅವಳ ತೋಳಿನ ಪಟ್ಟಿ ಬಿಚ್ಚತೊಡಗಿದೆ.

"ನೀವೇ ಏಳಿದ್ರಿ, ಒಂದೇ ಉಸ್ರಿಗೆ ಏಳೋಗಂಟ ಎದೆ ಗಟ್ಟಿ, ಭಯ ಇಲ್ಲ ಅಂತ. ಅಷ್ಟು ಉಸ್ರಿದ್ದೋಳು ಸಂಜೆಗೆ ಎಂಗವ್ವ ಸತ್ತೋದ್ಲು? ಏನ್ ಮಾಡ್ಬುಟ್ರಿ ಅವಳ್ನ?"

ಅವಳು ಜಗಳಕ್ಕೆ ಕೇಳಲಿಲ್ಲ. ಮೆಲ್ಲಗೆ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಆಸ್ಪತ್ರೆಗೆ ಹೋದವರಿಗೆ ಸೂಜಿ ಹಾಕಿ ಮುಗಿಸುತ್ತಾರೆ ಎಂಬ ಮಾತು ಆಗ ಹಳ್ಳಿಹಳ್ಳಿಯಲ್ಲಿ ಹರಡಿತ್ತು. ನನ್ನ ಒಂದು "ಹೂಂ" ಅದಕ್ಕೆ ಸಾಕ್ಷಿ ಕಟ್ಟಿಕೊಟ್ಟಿತ್ತು. ಸಮಾಧಾನಕ್ಕೆಂದು ಹೇಳಿದ್ದು ನನ್ನ ಕುತ್ತಿಗೆಗೇ ಬಂತು. ಇದನ್ನು ಹೀಗೇ ಬಿಟ್ಟರೆ ನಾಳೆ ಇವಳ ಬೀದಿಯಲ್ಲಿ ಯಾರೂ ಆಂಬುಲೆನ್ಸ್ ಹತ್ತುವುದಿಲ್ಲ.

"ಹಾಡಿದ್ದು ಅವಳಲ್ಲ ಕಣಮ್ಮ" ಎಂದೆ. "ನಾನು. ಅವಳಿಗೆ ಉಸಿರೇ ಇರಲಿಲ್ಲ. ನೀನು ಕಾಯ್ತಿದ್ದೆ, ನಂಗೆ ತಡೆಯೋಕಾಗ್ಲಿಲ್ಲ."

ಅವಳು ಅಳಲಿಲ್ಲ. ಹೊರಗೆ ಕಾಯುತ್ತಿದ್ದ ಯಾರೋ ಬಾಗಿಲು ತಟ್ಟಿದರು. ನಾನು ಗದರಿ ಕಳಿಸಿದೆ.

"ಅಕ್ಕನ್ ಉಸ್ರು ಅಂತ ನಿಮ್ಗೆ ನಾನು ಪದ ಏಳ್ದೆ" ಎಂದಳು ಕೊನೆಗೆ. "ಅಕ್ಕನ್ ಉಸ್ರು ಅಂತ ನಂಗೆ ನೀವು ಏಳಿದ್ರಿ. ಅವಳ ಉಸ್ರು ಇಬ್ರಿಗೂ ಕೇಳ್ಲೇ ಇಲ್ಲ."

ನನಗೆ ಅಳು ಬಂತು. ಮಾಸ್ಕಿನೊಳಗೆ ಮೂಗು ಸೋರಿತು, ಒರೆಸಿಕೊಳ್ಳಲೂ ಆಗಲಿಲ್ಲ. ಅವಳು ಎದ್ದು ನಿಂತಳು. ಬಾಗಿಲ ತನಕ ಹೋದವಳು ತಿರುಗಿದಳು.

"ಅಂಗಾದ್ರೆ ಅವತ್ತು ಗಾಡಿ ತಾವ ‘ನಿನ್ನಿಂದ ಅಲ್ಲ’ ಅಂದ್ರಲ್ಲ, ಅದೂ ಇಂಗೇನಾ?"

ಮಾಸ್ಕು ಕೆಳಗೆಳೆದುಕೊಂಡೆ. ಅವಳು ನನ್ನ ಪೂರ್ತಿ ಮುಖ ನೋಡಲಿ ಎಂದು. ಮುಂಚೆಯೇ ಸಾಗಿಸಿದ್ದರೆ ಉಳಿಯುತ್ತಿದ್ದಳೋ ಏನೋ. ಮುಂಚೆಯೇ ಸಾಗಿಸಿದವರೂ ಹೋದರು, ತಡವಾಗಿ ಬಂದವರೂ ಉಳಿದರು.

"ಗೊತ್ತಿಲ್ಲ" ಎಂದೆ.

ಆಕೆ ತಲೆ ಆಡಿಸಿ ಹೋದಳು. ಈಗ ಬಿಪಿ ತೋರಿಸಿಕೊಳ್ಳಲು ಅರಕಲಗೂಡಿಗೆ ಹೋಗುತ್ತಾಳಂತೆ, ಅಲ್ಲಿನ ಡಾಕ್ಟರಿಗೆ ಮಾತು ಕಮ್ಮಿಯಂತೆ.